ಜಾಹೀರಾತಿಲ್ಲದೆ ದೀರ್ಘ ವರದಿಗಳ ವಾರಪತ್ರಿಕೆ ನಡೆಸಬಹುದೇ?

ಪ್ರಶ್ನೆ: ನಾವು ಧಾರವಾಡದ ಮೂವರು ಗೆಳೆಯರು. ಒಬ್ಬರು ದಿನಪತ್ರಿಕೆಯಲ್ಲಿ ಬಹುಕಾಲ ವರದಿಗಾರರಾಗಿದ್ದವರು, ಇನ್ನೊಬ್ಬರು ಕಾಲೇಜು ಅಧ್ಯಾಪಕರು, ನಾನು ಸಣ್ಣ ಮುದ್ರಣಾಲಯ ನಡೆಸುತ್ತೇನೆ. 16 ಪುಟಗಳ, ದೀರ್ಘ ವರದಿಗಳಿಗೇ ಮೀಸಲಾದ, ಜಾಹೀರಾತು ಪಡೆಯದ ಸ್ವತಂತ್ರ ವಾರಪತ್ರಿಕೆ ತರಬೇಕೆಂಬ ಆಸೆ ನಮ್ಮದು. 'ಲಂಕೇಶ್ ಪತ್ರಿಕೆ' ಓದಿ ಬೆಳೆದವರು ನಾವು. ಇಂಥದ್ದನ್ನು ಈಗ ದುಡ್ಡು ಕೊಟ್ಟು ಓದುವವರಿದ್ದಾರೆಯೇ? ಎಷ್ಟು ಪ್ರತಿ ಹೋದರೆ ಪತ್ರಿಕೆ ಉಳಿಯುತ್ತದೆ? ಮಾನನಷ್ಟ ಮೊಕದ್ದಮೆಗಳಿಗೆ ಎಷ್ಟು ಹೆದರಬೇಕು?

ಉತ್ತರ: ನಡೆಸಬಹುದು. ಆದರೆ ನೀವು ಬರೆದಿರುವ ರೂಪದಲ್ಲಿ ಕಷ್ಟ. 16 ಪುಟಗಳನ್ನೂ ದೀರ್ಘ ವರದಿಗಳಿಂದಲೇ ತುಂಬಿಸುವುದು ಮೂವರ ಕೈಯಲ್ಲಿ ಆಗುವ ಕೆಲಸವಲ್ಲ. ಹಟ ಹಿಡಿದು ಹೊರಟರೆ ಕೆಲವೇ ತಿಂಗಳಲ್ಲಿ ಪತ್ರಿಕೆ ನಿಲ್ಲುತ್ತದೆ, ಇಲ್ಲವೇ ವರದಿ ಇರಬೇಕಾದ ಜಾಗದಲ್ಲಿ ಕುಳಿತಲ್ಲೇ ಬರೆದ ಉದ್ದನೆಯ ಲೇಖನ ಬರತೊಡಗುತ್ತದೆ. ನಿಂತುಹೋದರೆ ಸಾಲ ತೀರಿಸಿ ಮತ್ತೊಮ್ಮೆ ಪ್ರಯತ್ನಿಸಬಹುದು. ವರದಿಯ ಹೆಸರಿನಲ್ಲಿ ಅಭಿಪ್ರಾಯ ಬರತೊಡಗಿದರೆ ಓದುಗರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ, ಯಾಕೆ ಹೋದರೆಂದು ನಿಮಗೆ ತಿಳಿಯುವುದೂ ಇಲ್ಲ.

ಲಂಕೇಶರ ಪತ್ರಿಕೆಯಿಂದಲೇ ಹೊರಡೋಣ. ಅದರ ಮೇಲಿನ ಪ್ರೀತಿ ನಮ್ಮಲ್ಲಿ ಅನೇಕರನ್ನು ಪತ್ರಿಕೋದ್ಯಮಕ್ಕೆ ಎಳೆದು ತಂದಿದೆ, ಹಾಗೆಯೇ ಕೆಲವು ತಪ್ಪು ಲೆಕ್ಕಗಳಿಗೂ ಕಾರಣವಾಗಿದೆ. ಅದು ಶುರುವಾದದ್ದು 1980ರ ಜುಲೈನಲ್ಲಿ. ಅದೇ ತಿಂಗಳ 21ರಂದು ನಿಮ್ಮ ಮಗ್ಗುಲಿನ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ಗುಂಡೂರಾವ್ ಸರ್ಕಾರ, ರೈತ ಚಳವಳಿ, ದಲಿತ ಚಳವಳಿ, ಗೋಕಾಕ್ ಚಳವಳಿ, ಕೊನೆಗೆ 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ಸು ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡದ್ದು: ಇಷ್ಟೆಲ್ಲ ಎರಡೂವರೆ ವರ್ಷಗಳ ಒಳಗೆ ನಡೆದುಹೋಯಿತು. ನಾಡಿಗೆ ನಾಡೇ ಮಾತಿಗಾಗಿ ಕಾಯುತ್ತಿದ್ದ ಹೊತ್ತು ಅದು. ಜೊತೆಗೆ ಸಂಪಾದಕರು ಹೊಸಬರಾಗಿರಲಿಲ್ಲ. ಕವಿ, ಕತೆಗಾರ, ನಾಟಕಕಾರ ಎಂದು ಹೆಸರಾಗಿದ್ದವರು, ಮೊದಲ ಚಿತ್ರಕ್ಕೇ ಉತ್ತಮ ನಿರ್ದೇಶಕನೆಂಬ ರಾಷ್ಟ್ರಪ್ರಶಸ್ತಿ ಪಡೆದವರು, ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ವೃತ್ತಿ ಬಿಟ್ಟು ಬಂದವರು. ಓದುಗರನ್ನು ಜೊತೆಗೇ ಕರೆತಂದರು. ಕಪ್ಪುಬಿಳುಪಿನ ಆ ಟ್ಯಾಬ್ಲಾಯ್ಡ್ ಜಾಹೀರಾತಿಲ್ಲದೆ ನಿಂತಿತು ಎಂಬ ಮಾತನ್ನು ಮಾತ್ರ ನೆನಪಿಟ್ಟುಕೊಂಡು ಈ ಎರಡು ಸಂಗತಿಗಳನ್ನು ಮರೆತವರು ನಂತರದ ವರ್ಷಗಳಲ್ಲಿ ಕೈಸುಟ್ಟುಕೊಂಡಿದ್ದಾರೆ.

ಇನ್ನೊಂದು ಸಂಗತಿ. ಹಳೆಯ ಸಂಚಿಕೆಯೊಂದು ನಿಮ್ಮ ಬಳಿ ಇದ್ದರೆ ತೆರೆದು ನೋಡಿ. ರಾಜಕೀಯ ವರದಿ ಎಷ್ಟಿದೆಯೋ ಉಳಿದದ್ದೂ ಅಷ್ಟೇ ಇದೆ: ಸಂಪಾದಕರ 'ಟೀಕೆ ಟಿಪ್ಪಣಿ', 'ನೀಲು' ಎಂಬ ಹೆಸರಿನಲ್ಲಿ ಅವರೇ ಬರೆಯುತ್ತಿದ್ದ ನಾಲ್ಕು ಸಾಲಿನ ಪದ್ಯ, ಕತೆ, ಧಾರಾವಾಹಿ, ಓದುಗರ ಪತ್ರ. ನೀಲುವಿಗಾಗಿ ಪತ್ರಿಕೆ ಬಿಡಿಸಿದವರು ಆಮೇಲೆ ಭ್ರಷ್ಟಾಚಾರದ ವರದಿಗೆ ಬರುತ್ತಿದ್ದರು. ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಬಾನು ಮುಷ್ತಾಕ್ ಅದರ ವರದಿಗಾರರಾಗಿದ್ದವರು. 2025ರಲ್ಲಿ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅನೇಕರಿಗೆ ಮೊದಲು ನೆನಪಾದದ್ದು ಆ ದಿನಗಳೇ. ಹಾಸನ, ಮಂಗಳೂರು, ನಾಗಮಂಗಲದಂಥ ಊರುಗಳಿಂದ ಬರೆಯುವವರು ಆ ಪತ್ರಿಕೆಯ ನಿಜವಾದ ಬಂಡವಾಳ. ತಮ್ಮೂರಿನ ಗೌಡರ, ಮಠದ, ಸೊಸೈಟಿಯ ಒಳಗುಟ್ಟು ತಿಳಿದವರು ಅವರು. ಬೆಂಗಳೂರಿನಿಂದ ಹೋದ ವರದಿಗಾರನಿಗೆ ಆ ತಿಳಿವು ಸಿಗುವಂಥದ್ದಲ್ಲ.

ಹೀಗಾಗಿ 'ದೀರ್ಘ ವರದಿಗಳಿಗೇ ಮೀಸಲು' ಎಂಬ ನಿಮ್ಮ ಮಾತನ್ನು ಸ್ವಲ್ಪ ಸಡಿಲಿಸಿ. ವಾರಕ್ಕೆ ಒಂದು ದೀರ್ಘ ವರದಿ, ಅದರ ಸುತ್ತ ಓದುಗರು ಪ್ರತಿ ವಾರ ಹುಡುಕಿಕೊಂಡು ಬರುವಂಥ ನಾಲ್ಕಾರು ಅಂಕಣ. ಒಂದೇ ಏಕೆ ಎಂದು ಕೇಳುತ್ತೀರಿ. ಒಂದು ಉದಾಹರಣೆಯನ್ನು ಬಿಡಿಸಿ ಹೇಳಿದರೆ ಲೆಕ್ಕ ತಾನಾಗಿ ಸ್ಪಷ್ಟವಾಗುತ್ತದೆ.

ಕೆರೆ ಒತ್ತುವರಿಯ ಸುದ್ದಿ ತೆಗೆದುಕೊಳ್ಳಿ. ದಿನಪತ್ರಿಕೆಗೆ ಗ್ರಾಮಸ್ಥರ ಮನವಿ ಮತ್ತು 'ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ' ಎಂಬ ತಹಶೀಲ್ದಾರರ ಮಾತು ಸಾಕು, ಒಂದು ಮಧ್ಯಾಹ್ನದ ಕೆಲಸ. ನಿಮ್ಮ ವರದಿಗಾರ ಹಾಗೆ ಮಾಡುವಂತಿಲ್ಲ. ಮೊದಲು ಗ್ರಾಮ ನಕ್ಷೆಯಲ್ಲಿ ಕೆರೆಯ ಸರ್ವೆ ನಂಬರ್ ಗುರುತಿಸಬೇಕು. ಆಕಾರಬಂದ್ ತೆಗೆಸಿ ಮೂಲ ವಿಸ್ತೀರ್ಣ ಎಷ್ಟೆಂದು ನೋಡಬೇಕು. ಪಹಣಿಯ 9ನೇ ಕಾಲಂನಲ್ಲಿ ಈಗ ಯಾರ ಹೆಸರಿದೆ, 10ನೇ ಕಾಲಂ ಪ್ರಕಾರ ಅದು ಅವರಿಗೆ ಹೇಗೆ ಬಂತು, 11ರಲ್ಲಿ ಯಾವ ಬ್ಯಾಂಕಿನ ಸಾಲ ಕೂತಿದೆ ಎಂದು ಓದಬೇಕು. ಮ್ಯುಟೇಷನ್ ನಂಬರ್ ಹಿಡಿದು ಯಾವ ವರ್ಷ, ಯಾವ ಆದೇಶದ ಮೇಲೆ, ಯಾರ ಸಹಿಯಲ್ಲಿ ಖಾತೆ ಬದಲಾಯಿತು ಎಂಬಲ್ಲಿಗೆ ಹೋಗಬೇಕು. ಗಣಕೀಕರಣಕ್ಕೂ ಹಿಂದಿನ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅಲೆಯಬೇಕು. ಕಡತ ಸಿಗುತ್ತಿಲ್ಲ ಎಂದರೆ ಮಾಹಿತಿ ಹಕ್ಕಿನ ಅರ್ಜಿ: ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿ.

ಅಷ್ಟು ಆದ ಮೇಲೂ ಕೆಲಸ ಅರ್ಧ. ಕೆರೆಯ ಒಂದು ದಂಡೆಯಲ್ಲಿ ಲೇಔಟ್ ಎದ್ದಿರುತ್ತದೆ, ಇನ್ನೊಂದು ಮೂಲೆಯಲ್ಲಿ ಭೂಮಿಯೇ ಇಲ್ಲದ ಒಬ್ಬಾತ ನೀರಿಳಿದ ಅಂಗಳದಲ್ಲಿ ಒಂದು ಎಕರೆ ಉಳುತ್ತಿರುತ್ತಾನೆ. ಸಕ್ರಮವಾದೀತೆಂದು ನಮೂನೆ 57ರಲ್ಲಿ ಬಗರ್ ಹುಕುಂ (ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನು ಉಳುವವರ) ಅರ್ಜಿ ಹಾಕಿ, ಆ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟುಕೊಂಡಿರುತ್ತಾನೆ. ಕಂದಾಯ ದಾಖಲೆಯ ಪ್ರಕಾರ ಇಬ್ಬರೂ ಒತ್ತುವರಿದಾರರು. ಜೆಸಿಬಿ ಮೊದಲು ಯಾರ ಬಳಿಗೆ ಹೋಗುತ್ತದೆ ಎಂಬುದನ್ನು ನಿಮ್ಮ ವರದಿ ಹೇಳಬೇಕು. ಇದನ್ನು 300 ಪದಗಳಲ್ಲಿ ಹೇಳಲು ಹೊರಟರೆ ಯಾರಿಗಾದರೂ ಒಬ್ಬರಿಗೆ ಅನ್ಯಾಯವಾಗುತ್ತದೆ. ದೀರ್ಘ ಬರಹಕ್ಕೆ ನಾನು ಕೊಡುವ ಸಮರ್ಥನೆ ಇದೊಂದೇ. ಉದ್ದವಿದ್ದರೆ ಗಂಭೀರ ಎಂದು ಭಾವಿಸುವವರ ಮಾತಿಗೆ ಕಿವಿಗೊಡಬೇಡಿ.

ಕೊನೆಯದಾಗಿ, ಆರೋಪ ಯಾರ ಮೇಲಿದೆಯೋ ಅವರಿಗೆ ಲಿಖಿತವಾಗಿ ಪ್ರಶ್ನೆ ಕಳುಹಿಸಿ ಉತ್ತರಕ್ಕೆ ಒಂದು ವಾರವಾದರೂ ಬಿಡಬೇಕು. ಎಲ್ಲ ಸೇರಿ ಒಂದು ವರದಿಗೆ ಒಬ್ಬರ ಒಂದು ತಿಂಗಳು. ವಾರಕ್ಕೊಂದು ಬೇಕೆಂದರೆ ನಾಲ್ವರು ಪೂರ್ಣಾವಧಿ ವರದಿಗಾರರು ಬೇಕು. ಯಾರಿಗೂ ಜ್ವರ ಬರಬಾರದು, ಯಾವ ವರದಿಯೂ ಅರ್ಧಕ್ಕೆ ಬಿದ್ದುಹೋಗಬಾರದು. ಬಿದ್ದುಹೋಗುತ್ತವೆ. ನಾಲ್ಕರಲ್ಲಿ ಒಂದನ್ನು ಕೈಬಿಡುವ ಧೈರ್ಯ ಇಲ್ಲದ ಸಂಪಾದಕನಿಂದ ಈ ಪತ್ರಿಕೆ ನಡೆಯುವುದಿಲ್ಲ. ಆದ್ದರಿಂದ 16 ಪುಟ ಬೇಡ, 8 ಸಾಕು. ಇದರಲ್ಲಿ ಅವಮಾನವೇನೂ ಇಲ್ಲ. ಪ್ಯಾರಿಸ್ಸಿನಲ್ಲಿ 2014ರಿಂದ ಬರುತ್ತಿರುವ 'ಲೆ ಅಂ' ಎಂಬ ವಾರಪತ್ರಿಕೆ ಒಂದೇ ಒಂದು ದೊಡ್ಡ ಹಾಳೆ. ಮಡಿಸಿ ಕೊಡುತ್ತಾರೆ, ಬಿಡಿಸುತ್ತ ಹೋದಂತೆ ಒಂದೇ ವಿಷಯ ಹಲವು ಮಗ್ಗುಲಿನಿಂದ ತೆರೆದುಕೊಳ್ಳುತ್ತದೆ. ಜಾಹೀರಾತಿಲ್ಲ. ಅದನ್ನು ಕಟ್ಟಿದ ಎರಿಕ್ ಫೊತ್ತೊರಿನೊ ದೊಡ್ಡ ದಿನಪತ್ರಿಕೆ 'ಲ ಮೊಂದ್' ನಡೆಸಿ ಬಂದವರು. ಪುಟ ಹೆಚ್ಚಿಸುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯಾಗಿರಲಿಲ್ಲ.

ಈಗ ದುಡ್ಡಿನ ಮಾತು. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲು ಇಟ್ಟುಕೊಂಡವು, ನಿಮ್ಮ ಊರಿನ ದರಗಳನ್ನು ನೀವು ಹಾಕಿಕೊಳ್ಳಿ. ವಾರ್ಷಿಕ ಚಂದಾ 1,500 ರೂಪಾಯಿ, ಚಂದಾದಾರರು 3,000 ಎಂದಿಟ್ಟುಕೊಳ್ಳೋಣ. ವರ್ಷದ ಆದಾಯ 45 ಲಕ್ಷ. ನಾಲ್ವರು ವರದಿಗಾರರು, ಜೊತೆಗೆ ಸಂಪಾದಕ, ಪ್ರತಿ ತಿದ್ದುವವರು, ಪುಟ ವಿನ್ಯಾಸಕಾರ, ಹೀಗೆ ಏಳು ಜನಕ್ಕೆ ತಲಾ 40,000 ಸಂಬಳವೆಂದರೆ 33.6 ಲಕ್ಷ. ಉಳಿದದ್ದು 11.4 ಲಕ್ಷ. ವರ್ಷಕ್ಕೆ 52 ಸಂಚಿಕೆ, ಒಟ್ಟು 1,56,000 ಪ್ರತಿ. ಪ್ರತಿಯೊಂದಕ್ಕೆ ಏಳೂಕಾಲು ರೂಪಾಯಿಯಷ್ಟು. ಅದರಲ್ಲೇ ಕಾಗದ, ಮುದ್ರಣ, ಅಂಚೆ, ಪ್ರಯಾಣ, ವಕೀಲರ ಶುಲ್ಕ ಎಲ್ಲ ಆಗಬೇಕು. ಮುದ್ರಣಾಲಯ ನಡೆಸುವ ನಿಮಗೆ ಇದು ಸಾಲದು ಎಂದು ಬೇರೆ ಹೇಳಬೇಕಾಗಿಲ್ಲ. ಚಂದಾದಾರರು 5,000 ಆದರೆ ಸಂಬಳದ ಬಾಬ್ತು ಅಷ್ಟೇ ಇರುತ್ತದೆ, ಪ್ರತಿಗೆ ಉಳಿಯುವುದು ಹೆಚ್ಚುಕಡಿಮೆ 16 ರೂಪಾಯಿ. ಆಗ ಉಸಿರಾಡಬಹುದು. ನಿಮ್ಮ ಪತ್ರಿಕೆಯ ಅಳಿವು ಉಳಿವು ಈ 3,000 ಮತ್ತು 5,000ದ ನಡುವೆ ಎಲ್ಲೋ ಇದೆ.

ಅಂಗಡಿ ಮಾರಾಟವನ್ನು ನಾನು ಬೇಕೆಂದೇ ಲೆಕ್ಕಕ್ಕೆ ಸೇರಿಸಿಲ್ಲ. ಏಜೆಂಟರ ಕಮಿಷನ್ ಹೋಗಿ, ಮಾರಾಟವಾಗದೆ ವಾಪಸ್ ಬಂದ ಪ್ರತಿ ರದ್ದಿಗೆ ಹೋಗಿ, ಉಳಿದ ಹಣವೂ ತಿಂಗಳುಗಟ್ಟಲೆ ಬಾಕಿ ನಿಲ್ಲುತ್ತದೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆ ತೂಗಾಡುತ್ತಿದ್ದರೆ ಸಂತೋಷವೇ, ಆದರೆ ಆ ಹಣವನ್ನು ನಂಬಿ ಸಂಬಳ ಕೊಡಲು ಹೋಗಬೇಡಿ. ನ್ಯೂಸ್‌ಪ್ರಿಂಟಿನ ಬೆಲೆಯೂ ನಿಮ್ಮ ಕೈಯಲ್ಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದರ ಮೇಲೆ ಶೇ 10 ಆಮದು ಸುಂಕ ಹಾಕಿತು, ಮರುವರ್ಷ ಶೇ 5ಕ್ಕೆ ಇಳಿಸಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಕಾಗದ ನಿಂತು ದರ ಮೇಲೇರಿತು. ದೊಡ್ಡವರಿಗೆ ದಾಸ್ತಾನು ಇರುತ್ತದೆ, ರೀಲಿನ ಲೆಕ್ಕದಲ್ಲಿ ಕೊಳ್ಳುವ ಸಣ್ಣವರಿಗೆ ಪೆಟ್ಟು ಮರುದಿನವೇ.

ಜಾಹೀರಾತು ಬೇಡವೆಂಬ ನಿಮ್ಮ ತೀರ್ಮಾನಕ್ಕೆ ನನ್ನ ಪೂರ್ಣ ಬೆಂಬಲವಿದೆ. ನಮ್ಮ ಜಿಲ್ಲೆಗಳ ಎಷ್ಟೋ ವಾರಪತ್ರಿಕೆಗಳು ಸರ್ಕಾರಿ ಜಾಹೀರಾತನ್ನೇ ನಂಬಿ ಬದುಕಿವೆ. ಅಲ್ಲಿ ಬಿಲ್ಲು ಪಾಸಾಗುವವರೆಗೂ ಜಿಲ್ಲಾಡಳಿತದ ವಿರುದ್ಧ ಬರೆಯುವ ಕೈ ಹಿಂಜರಿಯುತ್ತದೆ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ 'ಇಂಡಿಯನ್ ಒಪೀನಿಯನ್' ನಡೆಸುವಾಗ ಒಂದು ಹಂತದಲ್ಲಿ ತಿಂಗಳಿಗೆ 75 ಪೌಂಡ್ ಕೈಯಿಂದ ಹಾಕುತ್ತಿದ್ದರು. ಮುಂದೆ 'ಯಂಗ್ ಇಂಡಿಯಾ', 'ನವಜೀವನ'ಗಳನ್ನು ಜಾಹೀರಾತಿಲ್ಲದೆಯೇ ನಡೆಸಿದರು. ಫ್ರಾನ್ಸಿನ 'ಲ ಕನಾರ್ ಆಂಶೆನೆ' 1915ರಲ್ಲಿ ಹುಟ್ಟಿದ ವಾರಪತ್ರಿಕೆ. ಬುಧವಾರ ಬುಧವಾರ 8 ಪುಟ, ಜಾಹೀರಾತು ಇಲ್ಲ. ಅಧ್ಯಕ್ಷ ಜಿಸ್ಕಾರ್ ಡೆಸ್ಟಾಂಗ್ ಮಧ್ಯ ಆಫ್ರಿಕಾದ ಸರ್ವಾಧಿಕಾರಿಯಿಂದ ವಜ್ರ ಪಡೆದ ಸುದ್ದಿಯನ್ನು 1979ರಲ್ಲಿ ಹೊರಗೆಳೆದದ್ದು ಅದೇ. 2017ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಫಿಯೊಂ, ಹೆಂಡತಿಯನ್ನು ಸರ್ಕಾರಿ ಸಂಬಳದ ಸಹಾಯಕಿಯಾಗಿ ತೋರಿಸಿದ್ದನ್ನು ಬಯಲಿಗೆಳೆದದ್ದೂ ಅದೇ.

ಆ ಪತ್ರಿಕೆಯಿಂದ ನೀವು ಮುಖ್ಯವಾಗಿ ಕಲಿಯಬೇಕಾದದ್ದು ಒಡೆತನದ ವ್ಯವಸ್ಥೆ. ಅದರ ಷೇರುಗಳು ಅಲ್ಲಿ ದುಡಿಯುವವರ ಕೈಯಲ್ಲೇ ಇವೆ, ಹೊರಗಿನವರಿಗೆ ಮಾರುವಂತಿಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್‌ನಿಂದ 1981ರಿಂದ ಬರುತ್ತಿರುವ 'ವೊಖೆನ್‌ಸೈಟುಂಗ್' ಕೂಡ ನೌಕರರದೇ ಸಹಕಾರಿ ಸಂಸ್ಥೆ. ನಮ್ಮಲ್ಲಿ ವಾರಪತ್ರಿಕೆ ಎಂದರೆ ಒಬ್ಬ ಸಂಪಾದಕ, ಅವನೇ ಮಾಲೀಕ, ಅವನೇ ಮುಖ. 2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡ ಮೇಲೆ ಪತ್ರಿಕೆ ಮಕ್ಕಳ ಕೈಗೆ ಬಂತು. ಐದು ವರ್ಷಗಳಲ್ಲಿ ಭಿನ್ನಾಭಿಪ್ರಾಯ ಬೆಳೆದು ಗೌರಿ ಲಂಕೇಶ್ ತಮ್ಮದೇ ಹೆಸರಿನ ಪತ್ರಿಕೆ ತಂದರು. ಅದನ್ನು ನಡೆಸುತ್ತಿದ್ದಾಗಲೇ 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲಿ ಅವರ ಕೊಲೆಯಾಯಿತು. ಆ ಸಾವನ್ನು ಯಾವ ವ್ಯವಸ್ಥೆಯೂ ತಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬರ ಹೆಗಲ ಮೇಲೆ ಇಡೀ ಪತ್ರಿಕೆ ನಿಲ್ಲುವುದು ಆ ವ್ಯಕ್ತಿಗೂ ಒಳ್ಳೆಯದಲ್ಲ, ಪತ್ರಿಕೆಗೂ ಒಳ್ಳೆಯದಲ್ಲ. ನೀವು ಮೂವರು ಇದ್ದೀರಿ. ಯಾರಾದರೊಬ್ಬರು ಬಿಟ್ಟು ಹೋಗಬೇಕಾಗಿ ಬಂದರೆ ಅವರ ಪಾಲು ಯಾರಿಗೆ, ಯಾವ ಬೆಲೆಗೆ, ಸಂಪಾದಕರನ್ನು ಯಾರು ಬದಲಿಸಬಹುದು ಎಂಬುದನ್ನು ಮೊದಲ ಸಂಚಿಕೆಗೆ ಮುಂಚೆ ಕಾಗದದ ಮೇಲೆ ಬರೆದು ಸಹಿ ಹಾಕಿ. ಗೆಳೆತನ ಗಟ್ಟಿಯಾಗಿರುವಾಗಲೇ ಈ ಮಾತು ಆಡುವುದು ಸುಲಭ.

ಮೊಕದ್ದಮೆಗಳ ವಿಷಯ. ಹೆದರಬೇಕಾಗಿಲ್ಲ, ಸಿದ್ಧರಾಗಿರಬೇಕು. ಗೌರಿಯವರ ಪತ್ರಿಕೆಯಲ್ಲಿ 2008ರಲ್ಲಿ ಬಂದ ಒಂದು ವರದಿಗೆ ನಿಮ್ಮ ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದರು. ಎಂಟು ವರ್ಷ ನಡೆದ ಆ ಪ್ರಕರಣವೇ ಹೇಳುವಂತೆ, ಕೊನೆಯ ತೀರ್ಪಿಗಿಂತ ಅಲೆದಾಟವೇ ದೊಡ್ಡ ಶಿಕ್ಷೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆ. ಬಹಳ ವರದಿಗಾರರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಸಿವಿಲ್ ದಾವೆಯಲ್ಲಿ ನೀವು ಬರೆದದ್ದು ಸತ್ಯವೆಂದು ಸಾಬೀತಾದರೆ ಸಾಕು. ಕ್ರಿಮಿನಲ್ ದೂರಿನಲ್ಲಿ ಸತ್ಯವಾಗಿದ್ದರೆ ಸಾಲದು, ಅದನ್ನು ಪ್ರಕಟಿಸಿದ್ದರಿಂದ ಸಾರ್ವಜನಿಕ ಹಿತ ಆಯಿತೆಂದೂ ತೋರಿಸಬೇಕು. ಆದ್ದರಿಂದ ಒಬ್ಬ ಅಧಿಕಾರಿಯ ಅಕ್ರಮ ಜಮೀನಿನ ಬಗ್ಗೆ ಬರೆಯುವಾಗ ಅವರ ಮನೆಯೊಳಗಿನ ಜಗಳವನ್ನು ರುಚಿಗೆಂದು ಸೇರಿಸಬೇಡಿ. ವಕೀಲರು ಹಿಡಿಯುವುದು ಆ ಒಂದು ಸಾಲನ್ನೇ. ನಮ್ಮ ಟ್ಯಾಬ್ಲಾಯ್ಡ್ ಪರಂಪರೆಗೆ ಈ ಚಟ ಅಂಟಿಕೊಂಡೇ ಬಂದಿದೆ, ಅದನ್ನು ಕಳಚಿಹಾಕುವ ಪತ್ರಿಕೆ ನಿಮ್ಮದಾಗಲಿ ಎಂಬುದು ನನ್ನ ಮನಸಾರೆ ಹಾರೈಕೆ.

ಟಿಪ್ಪಣಿ ಪುಸ್ತಕ, ಧ್ವನಿಮುದ್ರಣ, ಕಳುಹಿಸಿದ ಪ್ರಶ್ನೆಯ ಪ್ರತಿ ಇವನ್ನೆಲ್ಲ ಕನಿಷ್ಠ ಮೂರು ವರ್ಷ ಜೋಪಾನ ಮಾಡಿ, ಏಕೆಂದರೆ ಇಂಥ ಕ್ರಿಮಿನಲ್ ದೂರಿಗೆ ಕಾಲಮಿತಿ ಮೂರು ವರ್ಷ. ಸಿವಿಲ್ ದಾವೆಗೆ ಒಂದು ವರ್ಷ. ಇನ್ನು ವರದಿ ಬರುವ ಮುನ್ನವೇ ಏಕಪಕ್ಷೀಯ ತಡೆಯಾಜ್ಞೆ ತರುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ವಿಚಾರಣೆಗೆ ಮೊದಲೇ ಪತ್ರಿಕಾ ಬರಹಕ್ಕೆ ಹೀಗೆ ತಡೆ ಕೊಡುವುದು ಅಪರೂಪದ ಪ್ರಕರಣಗಳಲ್ಲಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿದೆ. ಆ ಆದೇಶದ ಪ್ರತಿ ನಿಮ್ಮ ವಕೀಲರ ಕಡತದಲ್ಲಿ ಇರಲಿ.

ನೋಂದಣಿ ಮೊದಲಿಗಿಂತ ಸರಳ. 1867ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಸಲ್ಲಿಸುವ ಕಟ್ಟಳೆ ಹೋಗಿದೆ, ಶೀರ್ಷಿಕೆ ಮತ್ತು ನೋಂದಣಿಗೆ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಅರ್ಜಿ ಹಾಕಬಹುದು. ನೋಂದಣಿಯಾದ ಮೇಲೆ ಅಂಚೆ ಇಲಾಖೆಯಲ್ಲಿ ಪತ್ರಿಕೆಗಳ ರಿಯಾಯಿತಿ ದರಕ್ಕೆ ಅರ್ಜಿ ಹಾಕಲು ಮರೆಯಬೇಡಿ. ಮೇಲಿನ ಲೆಕ್ಕದಲ್ಲಿ ಅಂಚೆ ಖರ್ಚು ತಡೆಯುವಂತಾಗಬೇಕಾದರೆ ಅದು ಬೇಕೇ ಬೇಕು.

ಓದುಗರಿದ್ದಾರೆಯೇ ಎಂದು ಕೇಳಿದ್ದೀರಿ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಅವರಲ್ಲಿ 5,000 ಜನ ಸಿಗಲಾರರೆಂದು ನಾನು ನಂಬುವುದಿಲ್ಲ. ಆದರೆ ಅವರು ಎಲ್ಲೆಡೆ ಚದುರಿರುವ ಅಮೂರ್ತ ಓದುಗರಾಗಿದ್ದರೆ ನಿಮ್ಮ ಕೈಗೆ ಸಿಗುವುದಿಲ್ಲ. ಇಡೀ ಕರ್ನಾಟಕದ ಪತ್ರಿಕೆ ಎಂದು ಹೊರಡಬೇಡಿ. ಧಾರವಾಡ, ಗದಗ, ಹಾವೇರಿ, ಬೆಳಗಾವಿಯ ಪತ್ರಿಕೆಯಾಗಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಮಹದಾಯಿಯಿಂದ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಹೇಳಿತು. ಅದಕ್ಕಾಗಿ 2015ರಿಂದ ನರಗುಂದದಲ್ಲಿ ಧರಣಿ ಕೂತವರ ಪೈಕಿ ಆ ಅಂಕಿಯನ್ನು ಬಿಡಿಸಿ ಹೇಳಿಸಿಕೊಂಡವರು ಎಷ್ಟು ಜನ? ಅದರಲ್ಲಿ ಕುಡಿಯಲು ಎಷ್ಟು, ವಿದ್ಯುತ್ತಿಗೆ ಎಷ್ಟು, ಮಲಪ್ರಭೆಗೆ ತಿರುಗುವುದು ಎಷ್ಟು, ಕಾಮಗಾರಿ ಎಲ್ಲಿ ನಿಂತಿದೆ ಎಂದು ಒಬ್ಬ ರೈತ ಕೇಳಿದರೆ ಉತ್ತರ ಕೊಡುವ ಪತ್ರಿಕೆ ಅವನ ಕೈಯಲ್ಲಿರಬೇಕು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಪ್ರತ್ಯೇಕ ಪಥ ಯಾರಿಗೆ ಅನುಕೂಲವಾಯಿತು, ಯಾರ ಅಂಗಡಿ ನುಂಗಿತು ಎಂಬುದೂ ಅಂಥದ್ದೇ. ಭೂ ಒತ್ತುವರಿ ಕುರಿತ ಎ.ಟಿ. ರಾಮಸ್ವಾಮಿ ಸಮಿತಿಯ ವರದಿ, 2011ರ ಬಾಲಸುಬ್ರಮಣಿಯನ್ ವರದಿ, ಮಹಾಲೇಖಪಾಲರ ವರದಿಗಳು ಸಾರ್ವಜನಿಕವಾಗಿ ಲಭ್ಯವಿವೆ. ಬಿಡುಗಡೆಯ ದಿನ ಮುಖಪುಟದಲ್ಲಿ ಬಂದು ಮರುದಿನ ಮರೆಯಾದವು. ಅವುಗಳಲ್ಲಿ ಹೇಳಿದ್ದು ಜಾರಿಯಾಯಿತೇ ಎಂದು ಹಿಡಿದು ಕೇಳುವುದಕ್ಕೇ ಒಂದು ವರ್ಷದ ಸಂಚಿಕೆಗಳು ಸಾಲವು.

ಮುದ್ರಣವೋ ಜಾಲತಾಣವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಚಂದಾದಾರರಿಗೆ ಮುದ್ರಿತ ಪ್ರತಿ, ದೂರದ ಊರು ಮತ್ತು ಹೊರದೇಶದಲ್ಲಿರುವವರಿಗೆ ಅದೇ ಪುಟಗಳ ಪಿಡಿಎಫ್ ಸಾಕು. ಅವರ ಚಂದಾದಲ್ಲಿ ಕಾಗದ, ಅಂಚೆ ಖರ್ಚಿಲ್ಲ. ಅಂಥ 500 ಜನ ಸಿಕ್ಕರೆ ಒಬ್ಬ ವರದಿಗಾರನ ಸಂಬಳ ಬಂತೆಂದೇ ಲೆಕ್ಕ.

ಮೊದಲ ಹೆಜ್ಜೆಯಾಗಿ ನೋಂದಣಿಗೆ ಓಡಬೇಡಿ. ಎಂಟು ಪುಟದ ನಾಲ್ಕು ಸಂಚಿಕೆಗಳನ್ನು, ಮಾರಾಟಕ್ಕಲ್ಲದೆ, ನಿಮ್ಮಲ್ಲೇ ಸಿದ್ಧಪಡಿಸಿ. ವರದಿ, ಅಂಕಣ, ವಕೀಲರ ಪರಿಶೀಲನೆ, ಕರಡು ತಿದ್ದುವುದು, ಪುಟ ಕಟ್ಟುವುದು ಎಲ್ಲವೂ ನಿಜವಾದ ಗಡುವಿನೊಳಗೆ ಆಗಬೇಕು. ನಾಲ್ಕನೆಯದು ಮೊದಲನೆಯದಕ್ಕಿಂತ ಸೊರಗಿದ್ದರೆ ಪಾಕ್ಷಿಕವಾಗಿ ಶುರುಮಾಡಿ. ಸೊರಗದಿದ್ದರೆ ಆ ನಾಲ್ಕನ್ನೂ ಹಿಡಿದುಕೊಂಡು ಚಂದಾ ಕೇಳಲು ಹೊರಡಿ, 3,000 ಹೆಸರು ಸೇರಿದ ಮೇಲೆ ಅರ್ಜಿ ಹಾಕಿ. ಮಿಕ್ಕ 2,000 ಹೆಸರನ್ನು ಮೊದಲ ವರ್ಷದಲ್ಲಿ ಸೇರಿಸಿಕೊಳ್ಳಬೇಕು. ಅಲ್ಲಿಯವರೆಗಿನ ಕೊರತೆಯ ಹಣ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಅರ್ಜಿ ಹಾಕುವ ದಿನವೇ ಗೊತ್ತಿರಬೇಕು.